ಲಾರಾಳ ಸಹಿ, ಶಂಸುನ್ನಿಸಾರ ದಾವೆ

ಗಂಡ ಒಂದು ದಸ್ತಾವೇಜು ತಂದು ಹೆಂಡತಿಯ ಮುಂದಿಡುತ್ತಾನೆ. ಸಹಿಯ ಜಾಗ ಬಿಟ್ಟು ಉಳಿದದ್ದೆಲ್ಲ ಮಡಚಿದೆ. ಓದದೆ ಸಹಿ ಹಾಕಲಾರೆ ಎಂದರೆ ಅವನ ಸಿಟ್ಟು ನೆತ್ತಿಗೇರುತ್ತದೆ. 1859-60ರಲ್ಲಿ ಧಾರಾವಾಹಿಯಾಗಿ ಬಂದ ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ ಕಾದಂಬರಿಯ ದೃಶ್ಯವಿದು. ಕಾಲಿನ್ಸ್ ವಕೀಲಿ ಓದಿದವನು; ವೃತ್ತಿ ಮಾಡಲಿಲ್ಲ, ಕಥೆ ಬರೆದ.

ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದೊಡನೆ ಹೆಣ್ಣಿನ ಹಣ, ಒಡವೆ, ದುಡಿಮೆಯ ಕೂಲಿ ಎಲ್ಲವೂ ಗಂಡನದು. ಜಮೀನಿದ್ದರೆ ಅದರ ಆದಾಯವೂ ಅವನದೇ. ಸಿರಿವಂತರು ಮಾತ್ರ ಮೊದಲೇ ಕರಾರು ಬರೆಸಿ ಮಗಳ ಪಾಲನ್ನು ಟ್ರಸ್ಟಿಗಳಿಗೆ ಒಪ್ಪಿಸಿ ಕಾಪಾಡುತ್ತಿದ್ದರು. ಲಾರಾಳ 20,000 ಪೌಂಡ್‌ಗೂ ಅಂಥ ಕರಾರು ಬೇಕಿತ್ತು. ಮಕ್ಕಳಿಲ್ಲದೆ ಅವಳು ಸತ್ತರೆ ಅಸಲು ತನಗೇ ಸೇರಬೇಕೆಂದು ವರನ ಕಡೆಯ ಹಟ. ಕುಟುಂಬದ ವಕೀಲ ಗಿಲ್ಮೋರ್ ಎಷ್ಟು ತಿಳಿಹೇಳಿದರೂ, ನರಗಳ ಬಾಧೆಯೆಂದು ಸದಾ ನರಳುವ ಚಿಕ್ಕಪ್ಪ ತನಗೆ ಕಿರಿಕಿರಿ ತಪ್ಪಿದರೆ ಸಾಕೆಂದು ಒಪ್ಪಿಬಿಟ್ಟ. ಲಾರಾ ಬದುಕಿರುವುದಕ್ಕಿಂತ ಸಾಯುವುದೇ ಗಂಡನಿಗೆ ಲಾಭವಾಯಿತು. ಮುಂದೆ ಅವಳನ್ನೇ ಹೋಲುವ ರೋಗಿ ಹೆಣ್ಣೊಬ್ಬಳು ಅವಳ ಹೆಸರಲ್ಲಿ ಮಣ್ಣಾಗುತ್ತಾಳೆ; ಲಾರಾ ಹುಚ್ಚಾಸ್ಪತ್ರೆ ಸೇರುತ್ತಾಳೆ. ಖಳನಾಯಕ ಕಾನೂನನ್ನು ಮುರಿಯುವ ಮುನ್ನ ಅದನ್ನೇ ಬಳಸಿಕೊಂಡಿದ್ದ. ನನಗೆ ಈ ಕಾದಂಬರಿಯಲ್ಲಿ ಹೆಚ್ಚು ಭಯ ಹುಟ್ಟಿಸುವುದು ಹುಚ್ಚಾಸ್ಪತ್ರೆಯಲ್ಲ, ಆ ಕರಾರು.

ಇದು ಬರೀ ಕಲ್ಪನೆಯಲ್ಲ. ಲೇಖಕಿ ಕ್ಯಾರೊಲಿನ್ ನಾರ್ಟನ್ 1836ರಲ್ಲಿ ಪತಿಯಿಂದ ದೂರವಾದಾಗ ಮೂವರು ಗಂಡುಮಕ್ಕಳು ತಂದೆಯ ವಶವಾದರು. ಅವರು ಬರೆದು ಗಳಿಸಿದ ಹಣಕ್ಕೂ ಕಾನೂನಿನಂತೆ ಪತಿಯೇ ಹಕ್ಕುದಾರ. ದುಡಿಮೆಯ ಹಣ ಹೆಂಡತಿಯದೇ ಎಂದು ಕಾಯ್ದೆ ಒಪ್ಪಿದ್ದು 1870ರಲ್ಲಿ, ಆಸ್ತಿಯ ಪೂರ್ಣ ಹಕ್ಕು ಸಿಕ್ಕಿದ್ದು 1882ರಲ್ಲಿ.

ಅದೇ ಲಂಡನ್ನಿನಲ್ಲಿ, 1867ರಲ್ಲಿ, ಪ್ರಿವಿ ಕೌನ್ಸಿಲ್ ಮುಂದೆ ಬಂಗಾಳದ ಶಂಸುನ್ನಿಸಾ ಬೇಗಂ ಅವರ ವ್ಯಾಜ್ಯ ಬಂತು. ತನ್ನ ಸರಕಾರಿ ಸಾಲಪತ್ರಗಳನ್ನು ಪತಿ ಮುನ್ಷಿ ಬಜ್ಲುರ್ರಹೀಮ್ ತನ್ನದಾಗಿಸಿಕೊಂಡಿದ್ದಾರೆಂದು ಆಕೆಯ ದೂರು. ಹಣ ಕೊಟ್ಟು ಕೊಂಡೆನೆಂದು ಪತಿಯ ವಾದ. ಇಸ್ಲಾಮೀ ಕಾನೂನಿನಲ್ಲಿ ನಿಕಾಹ್ ಆದ ಮಾತ್ರಕ್ಕೆ ಪತ್ನಿಯ ಆಸ್ತಿ ಗಂಡನದಾಗದು. ಆದ್ದರಿಂದಲೇ ಖರೀದಿಯ ಕಥೆ ಹೇಳಬೇಕಾಯಿತು! ಪರ್ದಾದಲ್ಲಿರುವ ಹೆಣ್ಣಿನೊಂದಿಗಿನ ವ್ಯವಹಾರ ಪ್ರಾಮಾಣಿಕವೆಂದು ರುಜು ಮಾಡುವ ಹೊಣೆ ಗಂಡನದೇ ಎಂದಿತು ನ್ಯಾಯಪೀಠ. ಬೇಗಂ ಗೆದ್ದರು.

ಇಷ್ಟಕ್ಕೇ ನಾವು ಎದೆಯುಬ್ಬಿಸಬೇಕಿಲ್ಲ. ಪತ್ನಿ ಮನೆಗೆ ಮರಳಬೇಕೆಂದು ಪತಿ ಹೂಡಿದ ದಾವೆಯೂ ಜೊತೆಗಿತ್ತು. ಅಂಥ ದಾವೆ ನಡೆಯುತ್ತದೆ ಎಂದವರೂ ಅದೇ ನ್ಯಾಯಾಧೀಶರು. ಗಂಡನ ಕ್ರೌರ್ಯ ಸಾಬೀತಾದರೆ ಅದಕ್ಕೆ ತಡೆಯಾಗಬಹುದೆಂದರು.