ಅಡಿಕೆ ಕೊಳೆರೋಗ ಸಿಂಪರಣೆ: ಜಾಲತಾಣದಲ್ಲಿ ಆನ್‌ಲೈನ್ ಕ್ಯಾಲೆಂಡರ್ ಅಳವಡಿಕೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಗೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರು ಆರಂಭಕ್ಕೆ ಮುನ್ನ ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಮುಂಗಾರಿನ ಆಗಮನ ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಾಗುವುದರಿಂದ, ಮುದ್ರಿತ ದಿನಾಂಕವನ್ನೇ ನಂಬಿದಲ್ಲಿ ಸಿಂಪರಣೆಗೆ ಮೊದಲೇ ಮಳೆ ಹಿಡಿದು ಫಸಲು ಕೊಳೆತು ಉದುರುವ ಸಂಭವವಿದೆ. ಆದ್ದರಿಂದ ಸಹಕಾರ ಸಂಘಗಳು ತಮ್ಮ ಜಾಲತಾಣದಲ್ಲಿ ಪರಿಷ್ಕರಿಸಬಹುದಾದ ಕ್ಯಾಲೆಂಡರ್ ಅಳವಡಿಸುವುದು ಸೂಕ್ತ.

ಅಳವಡಿಸುವ ವಿಧಾನ

1. ಗೂಗಲ್ ಕ್ಯಾಲೆಂಡರ್‌ನಲ್ಲಿ ಸಿಂಪರಣೆಗೆಂದೇ ಪ್ರತ್ಯೇಕ ಕ್ಯಾಲೆಂಡರ್ ರಚಿಸಿ, ಅದನ್ನು ಮಾತ್ರ ಸಾರ್ವಜನಿಕ ವೀಕ್ಷಣೆಗೆ ತೆರೆಯಬೇಕು.
2. ಸೆಟ್ಟಿಂಗ್ಸ್‌ನಲ್ಲಿ ದೊರೆಯುವ ಎಂಬೆಡ್ ಕೋಡನ್ನು ಜಾಲತಾಣದ ಪುಟಕ್ಕೆ ಸೇರಿಸಬೇಕು.
3. ರೈತರಿಗೆ ಕ್ಯಾಲೆಂಡರ್‌ನ ಫೈಲ್ ಬದಲು ಐಕ್ಯಾಲ್ ಲಿಂಕ್ ನೀಡಬೇಕು. ಡೌನ್‌ಲೋಡ್ ಮಾಡಿಕೊಂಡ ಫೈಲ್‌ನಲ್ಲಿ ನಂತರದ ತಿದ್ದುಪಡಿಗಳು ಕಾಣಿಸುವುದಿಲ್ಲ.
4. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುವ ಕೃಷಿ ಹವಾಮಾನ ಸಲಹೆಯನ್ನು ಪರಿಶೀಲಿಸಿ ದಿನಾಂಕ ಪರಿಷ್ಕರಿಸಬೇಕು.
5. ಎರಡನೆಯ ಸಿಂಪರಣೆಯನ್ನು ತಮ್ಮ ತೋಟದಲ್ಲಿ ಮೊದಲ ಸಿಂಪರಣೆ ನಡೆದ ದಿನದಿಂದಲೇ ಎಣಿಸುವಂತೆ ನಮೂದಿಸಬೇಕು.

ಸೂಚನೆ: ತಿದ್ದುಪಡಿಯು ರೈತರ ಮೊಬೈಲ್ ತಲುಪಲು ಹಲವು ಗಂಟೆ ಹಿಡಿಯಬಹುದು. ತುರ್ತು ಬದಲಾವಣೆಯನ್ನು ದೂರವಾಣಿ ಅಥವಾ ವಾಟ್ಸ್‌ಆ್ಯಪ್ ಮೂಲಕವೂ ತಿಳಿಸಬೇಕು.