ಮೂಸೆಯ ಉಕ್ಕು, ಅಲಗಿನ ಹದ

ಮಡಚುವ ಚಾಕುವಿನ ಗುಣವನ್ನು ಅದರ ಉಕ್ಕಿನ ಹೆಸರಿನಿಂದಲೇ ಅಳೆಯುವ ರೂಢಿ ಬೆಳೆದಿದ್ದರೂ, ಅಲಗಿನ ಹರಿತ ಎಷ್ಟು ಕಾಲ ಉಳಿಯುತ್ತದೆ, ಒತ್ತಡಕ್ಕೆ ಅದು ಬಾಗುತ್ತದೆಯೋ ಮುರಿಯುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಉಕ್ಕನ್ನು ಕಾಯಿಸಿ ತಣಿಸಿದ ಕ್ರಮ. ಮೈಸೂರು ಸೀಮೆಯ ಉಕ್ಕಿನ ಚರಿತ್ರೆಯನ್ನು ಈ ದೃಷ್ಟಿಯಿಂದಲೂ ಓದಬೇಕಾಗಿದೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬೇತಮಂಗಲ, ಟೇಕಲ್‌ಗಳ ಮಾರ್ಗವಾಗಿ, ಎಂದರೆ ಇಂದಿನ ಮಾಲೂರು ತಾಲ್ಲೂಕನ್ನು ಹಾದು ಬೆಂಗಳೂರಿಗೆ ಬಂದನು. ಮುಂದೆ ಮಾಗಡಿ ಕಡೆಯ ಘಟ್ಟಿಪುರದಲ್ಲಿಯೂ ಮಧುಗಿರಿ ಕಡೆಯ ಚನ್ನರಾಯನದುರ್ಗದಲ್ಲಿಯೂ ಉಕ್ಕು ತಯಾರಾಗುವ ಬಗೆಯನ್ನು ವಿಚಾರಿಸಿ ಬರೆದಿಟ್ಟನು. ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮೂಸೆಯಲ್ಲಿ, ಅಂದರೆ ಬೆಂಕಿಯನ್ನು ತಾಳುವ ಮಣ್ಣಿನ ಸಣ್ಣ ಪಾತ್ರೆಯಲ್ಲಿ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ತಿದಿಯೂದಿ ಕಾಯಿಸಿದಾಗ, ಸೊಪ್ಪುಕಡ್ಡಿಗಳ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕರಗಿ ಉಕ್ಕಿನ ಗಟ್ಟಿಯಾಗುತ್ತಿತ್ತು. ಕಲ್ಲುಕುಟಿಗರ ಉಳಿಗಳಿಗೂ ಖಡ್ಗಗಳಿಗೂ ಇದು ಬೇಕಾಗಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಗಳು ಭಾರತದಾದ್ಯಂತ ಹೆಸರಾಗಿದ್ದವು.

ಇದೇ ಕುಲದ ಉಕ್ಕನ್ನು ಡಾಕ್ಟರ್ ಹೆಲೆನಸ್ ಸ್ಕಾಟ್ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ನಿಗೆ ಅದಕ್ಕೂ ಮೊದಲೇ ಕಳುಹಿಸಿದ್ದನು. ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಕಟಿಸಿದ ಪರೀಕ್ಷಾ ವರದಿಯಲ್ಲಿ, ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನು ಅಧ್ಯಕ್ಷನ ಇಚ್ಛೆಯಂತೆ ಅದರಿಂದ ಲೇಖನಿ ಹೆರೆಯುವ ಸಣ್ಣ ಚಾಕುವೊಂದನ್ನು ಮಾಡಿದ ವೃತ್ತಾಂತವಿದೆ. ಕತ್ತಲೆಯಲ್ಲಿ ಮಾತ್ರ ಕಾಣುವಷ್ಟು ಮಂದವಾದ ಕೆಂಪಿಗೆ ಕಾಯಿಸಿ ಅವನು ಅದನ್ನು ಬಡಿದನು. ಕೆಲಸ ಪ್ರಯಾಸಕರವಾಗಿದ್ದರೂ, ಅಲಗು ಅತ್ಯುತ್ತಮ ಉಕ್ಕಿನ ಚಾಕುವಿಗೆ ಸರಿಗಟ್ಟಿತು. ಆ ಮಂದ ಕೆಂಪೇ ಇಲ್ಲಿ ಅತ್ಯಂತ ಮಹತ್ವದ ಸಂಗತಿ. ಶೇಕಡಾ ಒಂದನ್ನು ಮೀರಿದ ಇಂಗಾಲವೂ ಒಂದಿಷ್ಟು ರಂಜಕವೂ ಇರುವ ಈ ಉಕ್ಕು ಹೆಚ್ಚು ಕಾದರೆ ಸುತ್ತಿಗೆಯ ಏಟಿಗೆ ಒಡೆದುಹೋಗುತ್ತದೆ; ಉಜ್ಜ್ವಲವಾದ ಕಾವಿನಲ್ಲಿ ಬಡಿದು ಅಭ್ಯಾಸವಿದ್ದ ಯುರೋಪಿನ ಕಮ್ಮಾರರು ಇದನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕಿದ್ದು ಉಕ್ಕಿನ ದೋಷದಿಂದಲ್ಲ.

ಬಡಿದು ರೂಪಿಸಿದ ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಾಜಿನಂತೆ ಗಡಸಾಗುತ್ತದೆ ಮತ್ತು ಅಷ್ಟೇ ಸುಲಭವಾಗಿ ಮುರಿಯುತ್ತದೆ. ಆದುದರಿಂದ ಅದನ್ನು ಇನ್ನೊಮ್ಮೆ ಹಿತವಾಗಿ ಕಾಯಿಸಿ ಗಡಸನ್ನು ತುಸು ಇಳಿಸಬೇಕು, ಇದೇ ಹದಗೊಳಿಸುವುದು. ಉಜ್ಜಿ ಬೆಳಗಿಸಿದ ಉಕ್ಕಿನ ಮೇಲೆ ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ ಬಣ್ಣವೂ 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿಯೂ ಮೂಡುತ್ತವೆ. ಅಲಗಿಗೆ ಹಳದಿಯ ಹದ, ಅದನ್ನು ತೆರೆದು ಹಿಡಿಯುವ ಸ್ಪ್ರಿಂಗಿಗೆ ನೀಲಿಯ ಹದ ಎಂದು ಒಂದೇ ಚಾಕುವಿನಲ್ಲಿ ಎರಡು ಹದಗಳು ಕೂಡುತ್ತವೆ. ಗಡಸನ್ನು ಅಂಕಿಯಲ್ಲಿ ಹೇಳುವ ರಾಕ್‌ವೆಲ್ ಯಂತ್ರಕ್ಕೆ ಪೇಟೆಂಟ್ ದೊರೆತದ್ದು 1919ರಲ್ಲಿ. ಅದಕ್ಕೂ ಹಿಂದಿನ ಶತಮಾನಗಳಲ್ಲಿ ಕಮ್ಮಾರನ ಕಣ್ಣು ಮತ್ತು ಅರ, ಇವೆರಡೇ ಅಳತೆಗಳಾಗಿದ್ದವು.

1856ರ ನಂತರ ಬೆಸೆಮರ್ ವಿಧಾನದ ಅಗ್ಗದ ಉಕ್ಕು ಹರಡಿ, ಸೌದೆಯಿದ್ದಿಲನ್ನು ನಂಬಿದ್ದ ಮೈಸೂರಿನ ಮೂಸೆಗಳು ಕ್ರಮೇಣ ನಿಂತವು. ಹಳ್ಳಿಯ ಕುಲುಮೆಗಳು ಮಾತ್ರ ಉಳಿದು, ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಡಿದು ಮಚ್ಚು, ಕುಡುಗೋಲು ಮಾಡುತ್ತಿವೆ. ಮೂಸೆಯುಕ್ಕಿಗಿಂತ ಬಹಳ ಕಡಿಮೆ ಇಂಗಾಲವಿರುವ ಈ ಉಕ್ಕು ಹೆಚ್ಚಿನ ಕಾವಿನಲ್ಲಿಯೂ ಒಡೆಯದೆ ಬಡಿಸಿಕೊಳ್ಳುತ್ತದೆ, ಆದರೆ ಅದ್ದುವ ಗಳಿಗೆಯ ಬಣ್ಣವನ್ನು ಕಮ್ಮಾರ ಈಗಲೂ ಕಣ್ಣಿನಿಂದಲೇ ನಿರ್ಧರಿಸಬೇಕಾಗಿದೆ.