ಕರೆಯದೆ ಬರುವ ಕರೆಗಳು

ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡ ಕುಟುಂಬಗಳಿಗೆ ದೂರವಾಣಿ ಎಂದರೆ ಊರಿಗೆ ಹೋಗುವ ಇನ್ನೊಂದು ದಾರಿ. ಒಂದು ಕಾಲಕ್ಕೆ ಭಾನುವಾರದ ರಾತ್ರಿ ಎಸ್‌ಟಿಡಿ ಬೂತಿನ ಮುಂದೆ ಸರತಿಯಲ್ಲಿ ನಿಂತು, ಓಡುವ ಮೀಟರಿನ ಮೇಲೆ ಕಣ್ಣಿಟ್ಟು ಧಾರವಾಡಕ್ಕೋ ವಿಜಯಪುರಕ್ಕೋ ಮಾತಾಡಿ ಬರುತ್ತಿದ್ದೆವು. ಈಗ ಊರು ಅಂಗೈಯಲ್ಲಿದೆ. ಆದರೆ ಮಧ್ಯಾಹ್ನದ ಹೊತ್ತು ಗುರುತಿಲ್ಲದ ಸಂಖ್ಯೆಯೊಂದು ಮೂಡಿದಾಗ ಎತ್ತದೆ ಬಿಡುವ ಧೈರ್ಯ ನಮಗಿಲ್ಲ. ವಯಸ್ಸಾದ ತಂದೆತಾಯಿ ಊರಿನಲ್ಲಿದ್ದಾರೆ. ನೆರೆಮನೆಯವರ ಫೋನಿನಿಂದ ಯಾವ ಸುದ್ದಿ ಬಂದಿದೆಯೋ. ಆತಂಕದಿಂದ ಎತ್ತಿದರೆ ಆಚೆಯ ದನಿ ಸಾಲ ಬೇಕೇ ಎಂದು ಹಿಂದಿಯಲ್ಲಿ ಕೇಳುತ್ತದೆ.

ಇಂಥ ಕರೆಗಳಿಗೆ ಕಡಿವಾಣ ಹಾಕುವ ಕಾನೂನಿಗೆ ನಮ್ಮಲ್ಲಿ ಸುಮಾರು ಎರಡು ದಶಕಗಳ ಚರಿತ್ರೆಯಿದೆ. ಅದರ ಉದ್ದಕ್ಕೂ ಹರಿದು ಬಂದಿರುವುದು ಒಂದೇ ಪ್ರಶ್ನೆ: ಬೇಡವೆಂದು ಹೇಳುವ ಹೊಣೆ ನಮ್ಮದೋ, ಬೇಕೇ ಎಂದು ಮೊದಲು ಕೇಳುವ ಹೊಣೆ ಅವರದೋ?

ಗ್ರಾಹಕರ ಹಕ್ಕಿನ ಮಾತು ಪುಣೆಗೆ ಹೊಸದಲ್ಲ. ಬಿಂದುಮಾಧವ ಜೋಶಿಯವರ ಮುಂದಾಳುತನದಲ್ಲಿ ಗ್ರಾಹಕ ಪಂಚಾಯತ್ ಚಳವಳಿ 1974ರಲ್ಲಿ ಹುಟ್ಟಿದ್ದು ಈ ನಗರದಲ್ಲೇ. ಹನ್ನೆರಡು ವರ್ಷಗಳ ಬಳಿಕ, 1986ರಲ್ಲಿ, ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಆ ಕಾಯಿದೆಯ ಕಣ್ಣಿಗೆ ಗ್ರಾಹಕನೆಂದರೆ ಹಣ ತೆತ್ತು ಸರಕನ್ನೋ ಸೇವೆಯನ್ನೋ ಪಡೆದವನು. ಬೇಡದ ಕರೆಯನ್ನು ಎತ್ತಿದವರು ಕರೆ ಮಾಡಿದವರಿಂದ ಏನನ್ನೂ ಕೊಂಡಿರುವುದಿಲ್ಲ. ಕಳೆದುಕೊಂಡದ್ದು ನೆಮ್ಮದಿ ಮಾತ್ರ, ಅದಕ್ಕೆ ರಸೀದಿಯಿಲ್ಲ. ಕೆಲವೊಮ್ಮೆ ಹಣವೂ ಹೋಗುತ್ತಿತ್ತು. ಪುಣೆಯ ಸಿಮ್ಮಿನೊಡನೆ ರಜೆಗೆ ಊರಿಗೆ ಹೋದರೆ, ರೋಮಿಂಗಿನ ಆ ದಿನಗಳಲ್ಲಿ, ಒಳಬರುವ ಕರೆಗೂ ಶುಲ್ಕವಿತ್ತು. ಬೇಡದ ಮಾತನ್ನು ಕೇಳಲು ನಾವೇ ದುಡ್ಡು ತೆರುತ್ತಿದ್ದೆವು.

ಅಮೆರಿಕವು 1991ರಲ್ಲೇ ದೂರವಾಣಿ ಗ್ರಾಹಕರ ರಕ್ಷಣೆಗೆ ಕಾಯಿದೆ ಮಾಡಿ, 2003ರಲ್ಲಿ ‘ಡು ನಾಟ್ ಕಾಲ್’ ಎಂಬ ರಾಷ್ಟ್ರೀಯ ನೋಂದಣಿಯನ್ನು ತೆರೆಯಿತು. ನಮ್ಮಲ್ಲಿ 2005ರಲ್ಲಿ ಹರ್ಷ್ ಪಾಠಕ್ ಎಂಬ ವಕೀಲರು, ಇಂಥ ಕರೆಗಳು ಖಾಸಗಿತನದ ಹಕ್ಕಿಗೆ ಧಕ್ಕೆ ತರುತ್ತವೆಂದು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಅದೇ ವರ್ಷದ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಕ್ರೆಡಿಟ್ ಕಾರ್ಡ್ ನೀಡುವ ಬ್ಯಾಂಕುಗಳು ಕರೆ ಬೇಡವೆಂದವರ ಪಟ್ಟಿಯನ್ನು ಇಟ್ಟುಕೊಳ್ಳಬೇಕೆಂದು ಸೂಚಿಸಿತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ತನ್ನ ಮೊದಲ ನಿಯಮಾವಳಿಯನ್ನು ಹೊರಡಿಸಿದ್ದು 2007ರ ಜೂನ್‌ನಲ್ಲಿ. ಕರೆ ಬೇಡವೆನ್ನುವವರು ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಅದು ಜಾರಿಗೆ ಬರಲು 45 ದಿನ ಕಾಯಬೇಕು. ಪಟ್ಟಿಯಲ್ಲಿರುವವರಿಗೆ ಕರೆ ಮಾಡಿದರೆ ಮೊದಲ ಬಾರಿಗೆ 500 ರೂಪಾಯಿ, ಆಮೇಲೆ 1,000 ರೂಪಾಯಿ ದಂಡ. ಹೆಸರು ಬರೆಸದವರ ಮೌನವನ್ನು ಕಾನೂನು ಒಪ್ಪಿಗೆಯೆಂದೇ ಎಣಿಸಿತು. ಓದುಬರಹ ಬಲ್ಲ ನಾವೇ ಮರೆತು ಸುಮ್ಮನಿದ್ದೆವು. ಮನೆಯ ಹಿರಿಯರು ಯಾವ ಪಟ್ಟಿಯನ್ನು ಹುಡುಕಿಕೊಂಡು ಹೋದಾರು?

ಎರಡನೆಯ ನಿಯಮಾವಳಿ 2010ರ ಡಿಸೆಂಬರಿನಲ್ಲಿ ಹೊರಬಿದ್ದು 2011ರ ಸೆಪ್ಟೆಂಬರ್ 27ರಿಂದ ಪೂರ್ಣವಾಗಿ ಜಾರಿಗೆ ಬಂತು. 1909 ಎಂಬ ಸಂಖ್ಯೆ, ಟೆಲಿಮಾರ್ಕೆಟಿಂಗ್ ಸಂಸ್ಥೆಗಳಿಗೆ 140ರಿಂದ ಆರಂಭವಾಗುವ ಗುರುತು, ರಾತ್ರಿ ಒಂಬತ್ತರಿಂದ ಬೆಳಗಿನ ಒಂಬತ್ತರವರೆಗೆ ವಾಣಿಜ್ಯ ಕರೆಗಳಿಗೆ ನಿಷೇಧ, ಮೊದಲ ತಪ್ಪಿಗೆ 25,000 ರೂಪಾಯಿಯಿಂದ ತೊಡಗಿ 2,50,000ದವರೆಗೆ ಏರುವ ದಂಡ: ಎಲ್ಲವೂ ಆಗ ಬಂದವು. ಜೊತೆಗೆ, ಒಂದು ಸಿಮ್ಮಿನಿಂದ ದಿನಕ್ಕೆ ನೂರೇ ಸಂದೇಶ ಎಂಬ ಮಿತಿಯೂ ಬಂತು. ರಾಜ್ಯೋತ್ಸವದ ಕರೆಯೋಲೆಯನ್ನು ಸದಸ್ಯರಿಗೆಲ್ಲ ಸಂದೇಶದಲ್ಲೇ ಕಳಿಸುವ ಹೊರನಾಡಿನ ಸಂಘಗಳಿಗೆ ಇದು ಸಣ್ಣ ತೊಡಕಲ್ಲ. ಆ ವರ್ಷದ ನವೆಂಬರ್ 1ರಂದೇ ಮಿತಿ ಇನ್ನೂರಕ್ಕೆ ಏರಿದ್ದು ಕಾಕತಾಳೀಯ. ವಾಣಿಜ್ಯವಲ್ಲದ ಸಂದೇಶಗಳ ಮೇಲಿನ ಈ ಮಿತಿಯನ್ನು 2012ರ ಜುಲೈನಲ್ಲಿ ದೆಹಲಿ ಹೈಕೋರ್ಟು ತಳ್ಳಿಹಾಕಿತು. ಮಾರಾಟದ ದನಿಯನ್ನು ಅಡಗಿಸಲು ಹೋಗಿ ಮಂದಿಯ ಮಾತಿಗೇ ಕೈಹಾಕಬಾರದೆಂಬ ಪಾಠವನ್ನು ನಾವು ಅಲ್ಲಿ ಕಾಣುತ್ತೇವೆ.

ಕಾನೂನು ಬಿಗಿಯಾದಂತೆ ಕರೆಯೂ ವೇಷ ಬದಲಿಸಿತು. ನೋಂದಾಯಿತ ಸಂಸ್ಥೆ 140ರ ಗುರುತಿನಲ್ಲಿ ಸಿಕ್ಕಿಬೀಳುತ್ತಿತ್ತು. ನೋಂದಾಯಿಸದವರು ನಮ್ಮ ನಿಮ್ಮಂತೆ ಹತ್ತಂಕಿಯ ಸಂಖ್ಯೆಯಿಂದ ಬರತೊಡಗಿದರು. ಊರಿನ ಕರೆಗೂ ಮಾರಾಟದ ಕರೆಗೂ ಭೇದವಿಲ್ಲದಾಯಿತು. 2018ರ ಜುಲೈ 19ರ ನಿಯಮಾವಳಿ ಸಂದೇಶದ ತಲೆಬರಹ, ಒಕ್ಕಣೆಯ ಮಾದರಿ, ಗ್ರಾಹಕರ ಸಮ್ಮತಿ ಎಲ್ಲವನ್ನೂ ಬ್ಲಾಕ್‌ಚೈನ್ ತಂತ್ರಜ್ಞಾನದಲ್ಲಿ ದಾಖಲಿಸಲು ಹೊರಟಿತು. ಸಂದೇಶಗಳಿಗೆ ಹಗ್ಗ ಬಿತ್ತು. ಹತ್ತಂಕಿಯ ದನಿಗೆ ಬೀಳಲಿಲ್ಲ.

ಇದಕ್ಕೆ ಒಂದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತ್ತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆದರೆ ಆ ತೀರ್ಪಿನ ನೆರಳು ನಮ್ಮ ಫೋನಿನವರೆಗೂ ಚಾಚಿದೆಯೆಂದು ನಾವು ಭಾವಿಸುತ್ತೇವೆ.

ಟ್ರಾಯ್ 2025ರ ಫೆಬ್ರವರಿ 12ರಂದು ತಂದ ತಿದ್ದುಪಡಿಯಲ್ಲಿ ಹೊಣೆಯ ಭಾರ ಕೊಂಚ ಸರಿದಿದೆ. ನೋಂದಾಯಿಸದವರ ಕರೆಯ ಮೇಲೆ ದೂರು ಕೊಡಲು ನಾವು ಯಾವ ಪಟ್ಟಿಯಲ್ಲೂ ಮೊದಲೇ ಹೆಸರು ಬರೆಸಿರಬೇಕಾಗಿಲ್ಲ. ಮೂರು ದಿನಗಳಿದ್ದ ದೂರಿನ ಅವಧಿ ಏಳಾಗಿದೆ. ಕ್ರಮಕ್ಕಿದ್ದ ಮೂವತ್ತು ದಿನ ಐದಕ್ಕೆ ಇಳಿದಿದೆ. ಹತ್ತು ದಿನಗಳಲ್ಲಿ ಐದು ದೂರು ಬಂದರೆ ಆ ಸಂಖ್ಯೆಯ ಮೇಲೆ ಕ್ರಮ. ಲೆಕ್ಕ ಮರೆಮಾಚುವ ದೂರಸಂಪರ್ಕ ಕಂಪನಿಗಳಿಗೂ 2 ಲಕ್ಷದಿಂದ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಮೌನವೇ ಸಮ್ಮತಿಯೆಂಬ ಮೊದಲ ಎಣಿಕೆ ಹದಿನೆಂಟು ವರ್ಷಗಳಿಗೆ ಸಡಿಲವಾಯಿತು.

ಆಚೆಯ ದನಿ ಎಷ್ಟೋ ಸಲ ನಮ್ಮ ಮಕ್ಕಳ ವಯಸ್ಸಿನದು, ದಿನದ ಲೆಕ್ಕ ತುಂಬಿಸಲು ಹೊರಟದ್ದು. ಅವರನ್ನು ಬೈದು ಫಲವಿಲ್ಲ. ಸಂಖ್ಯೆ, ದಿನಾಂಕ, ಮಾತಿನ ಸಾರವಿಷ್ಟನ್ನು 1909ಕ್ಕೆ ಕಳಿಸಿದರೆ ಸಾಕು. ಮನೆಯ ಹಿರಿಯರ ಪರವಾಗಿ ಈ ಕೆಲಸವನ್ನು ನಾವೇ ಮಾಡಿಕೊಡಬೇಕು. ಏಕೆಂದರೆ, ಗುರುತಿಲ್ಲದ ಮುಂದಿನ ಸಂಖ್ಯೆಯನ್ನೂ ನಾವು ಎತ್ತಲೇಬೇಕು, ಅದು ಊರಿನದಾಗಿರಬಹುದು.